ಜರಡಿಯ ಪ್ಯಾನಲ್ ಯಾಕೆ ಎದ್ದು ಬರುತ್ತದೆ?

ಮಳೆಗಾಲದ ಒಂದು ಬೆಳಿಗ್ಗೆ. ಲೋಕಾಪುರದ ಹತ್ತಿರದ ಒಂದು ಸುಣ್ಣದಕಲ್ಲಿನ ಕ್ರಷರ್. 20 ಎಂಎಂ ಕಲ್ಲಿನ ರಾಶಿಯಲ್ಲಿ ಅಲ್ಲಲ್ಲಿ ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ಕಾಣುತ್ತಿದ್ದವು. ರಾತ್ರಿ ತುಂಬಿಕೊಂಡು ಹೋಗಿದ್ದ ಎರಡು ಟಿಪ್ಪರ್ ಆಗಲೇ ವಾಪಸ್ ಬಂದು ನಿಂತಿದ್ದವು. ರಾಶಿಯ ಬುಡದಲ್ಲಿ ಕೇಸರಿ ಬಣ್ಣದ ಚೌಕ ತುಂಡೊಂದು ಅರ್ಧ ಹೂತುಕೊಂಡಿತ್ತು. ಒಂದಡಿ ಉದ್ದ, ಒಂದಡಿ ಅಗಲ. ಹಿಂದಿನ ರಾತ್ರಿ ಹತ್ತು ಗಂಟೆಗೆ ಅದನ್ನು ಜರಡಿಗೆ ಬಡಿದು ಕೂರಿಸಿದವನು ನಾನೇ.

"ನೀನು ಸರಿಯಾಗಿ ಬಡಿದಿಲ್ಲ" ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಹೊಸ ಪ್ಯಾನಲ್ ತಂದು, ಈ ಸಲ ಇನ್ನೂ ಜೋರಾಗಿ ಬಡಿದೆ. ಅದು ಎರಡು ದಿನ ಇತ್ತು, ಮೂರನೇ ದಿನ ಹೋಯಿತು.

ಸುತ್ತಿಗೆಯ ಏಟಿಗೂ ಪ್ಯಾನಲ್ ನಿಲ್ಲುವುದಕ್ಕೂ ನಾವು ಅಂದುಕೊಂಡಷ್ಟು ಸಂಬಂಧ ಇಲ್ಲ. ಪ್ಯಾನಲ್ ನಿಲ್ಲುವುದೋ ಬಿಡುವುದೋ ತೀರ್ಮಾನ ಆಗುವುದು ಅದರ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಅದನ್ನು ನನಗೆ ಕಲಿಸಿದವರು ಸಂಡೂರಿನ ಕಡೆ ಕಬ್ಬಿಣದ ಅದಿರಿನ ಜರಡಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಒಬ್ಬ ಹಿರಿಯ ಫಿಟರ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವರು ನಮ್ಮ ಕಡೆ ಬಂದಿದ್ದರು. ಅವರು ಹೇಳಿದ್ದನ್ನೂ ಆಮೇಲೆ ನಾನು ಕೈಯಾರೆ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜರಡಿ ಅಂದರೇನು ನೋಡೋಣ. ಅವ್ವ ಸಾಣಿಗೆ ಹಿಡಿದು ಜೋಳದ ಹಿಟ್ಟು ಸಾಣಿಸುತ್ತಾಳಲ್ಲ, ಕೆಲಸ ಅದೇ. ಹಿಟ್ಟು ಕೆಳಗೆ, ತೌಡು ಮೇಲೆ. ಗಣಿಯಲ್ಲಿ ಸಾಣಿಗೆ ಒಂದು ಲಾರಿಯಷ್ಟು ದೊಡ್ಡದು, ಅಷ್ಟೇ. ಮೋಟರ್ ಅದನ್ನು ಕುಣಿಸುತ್ತದೆ. ಕಲ್ಲು ಒಂದು ತುದಿಯಲ್ಲಿ ಬಿದ್ದು ಕುಣಿಯುತ್ತ ಇನ್ನೊಂದು ತುದಿಗೆ ಸಾಗುತ್ತದೆ. ತೂತಿಗಿಂತ ಸಣ್ಣದು ಕೆಳಗೆ ಬೀಳುತ್ತದೆ, ದೊಡ್ಡದು ಮುಂದೆ ಹೋಗುತ್ತದೆ.

ಗಾತ್ರ ಬೇರೆ ಮಾಡುವುದು ಸುಮ್ನೆ ಅಲ್ಲ. ಸಂಡೂರಿನ ಅದಿರಿನಲ್ಲಿ ಉಂಡೆಗೆ ಒಂದು ರೇಟು, ಪುಡಿಗೆ ಇನ್ನೊಂದು. ಸಾಮಾನ್ಯವಾಗಿ 10 ಎಂಎಂ ಕೆಳಗಿನದು ಪುಡಿ. ನಮ್ಮ ಕಡೆ ಸುಣ್ಣದ ಭಟ್ಟಿಗೆ ಹೋಗುವ ಕಲ್ಲು ಒಂದೇ ಸಮ ಇರಬೇಕು. ಪುಡಿ ಸೇರಿದರೆ ಕಲ್ಲುಗಳ ನಡುವಿನ ಸಂದು ಮುಚ್ಚಿ ಭಟ್ಟಿಯಲ್ಲಿ ಗಾಳಿ ಆಡುವುದಿಲ್ಲ, ಕಲ್ಲು ಅರೆಬರೆ ಬೇಯುತ್ತದೆ. ಆ ಸುಣ್ಣ ಬೇಕಾಗುವುದು ಗೋಡೆಗೆ ಬಳಿಯುವುದಕ್ಕೆ ಮಾತ್ರ ಅಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿ ಮಾಡುವುದೂ ಸುಣ್ಣವೇ. ಮುಧೋಳ, ಜಮಖಂಡಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಬಾಗಲಕೋಟೆ ಹತ್ತಿರದ ಕಲಾದಗಿ ಊರು ಅಂದರೆ ನಮಗೆ ದಾಳಿಂಬೆ. ಭೂವಿಜ್ಞಾನದವರಿಗೆ ಕಲಾದಗಿ ಅಂದರೆ ಕಲ್ಲು. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆ ಹರಡಿಕೊಂಡಿರುವ ಈ ಸುಣ್ಣದಕಲ್ಲು, ಮರಳುಗಲ್ಲಿನ ಇಡೀ ಹಾಸಿಗೆ ಅವರು ಇಟ್ಟ ಹೆಸರೇ ಕಲಾದಗಿ. ನಾನು ದಿನಾ ಸುತ್ತಿಗೆ ಹಿಡಿದು ಹತ್ತುವ ಜರಡಿಗಳ ಮೇಲೆ ಕುಣಿಯುವುದು ಅದೇ ಕಲ್ಲು.

ತೊಲೆ, ಜಂತಿ, ಫರಸಿ

ಜರಡಿಯ ಒಳಗಿನ ಕಟ್ಟು ತಿಳಿಯಬೇಕಾದರೆ ಹಳೇ ಮಾಳಿಗೆ ಮನೆ ನೆನಪು ಮಾಡಿಕೊಳ್ಳಿ. ಎರಡು ಗೋಡೆ. ಗೋಡೆಯಿಂದ ಗೋಡೆಗೆ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತಿ. ಜಂತಿಯ ಮೇಲೆ ಹಲಗೆಯೋ ಕಲ್ಲೋ. ಜರಡಿಯೂ ಹಾಗೇ. ಎರಡು ಪಕ್ಕದ ಉಕ್ಕಿನ ತಗಡು ಗೋಡೆ ಇದ್ದಂತೆ. ಅವನ್ನು ಸೇರಿಸುವ ಕ್ರಾಸ್ ಬೀಮ್ ತೊಲೆ ಇದ್ದಂತೆ. ಅದರ ಮೇಲೆ ಉದ್ದಕ್ಕೆ ಹೋಗುವ ಉಕ್ಕಿನ ಪಟ್ಟಿಗಳಿಗೆ ಸ್ಟ್ರಿಂಗರ್ ಅನ್ನುತ್ತಾರೆ. ನಾನು ಜಂತಿ ಅಂತಲೇ ಕರೆಯುತ್ತೇನೆ. ಜಂತಿಯ ಮೇಲೆ ಫರಸಿ ಹಾಸಿದ ಹಾಗೆ ಕೂರುವುದೇ ಪ್ಯಾನಲ್.

ಪ್ಯಾನಲ್ ಅಂದರೆ ತೂತುಗಳಿರುವ ಚೌಕ ಹಲಗೆ. ರಬ್ಬರಿನದೋ ಪಾಲಿಯುರೆಥೇನಿನದೋ ಇರುತ್ತದೆ. ಪಾಲಿಯುರೆಥೇನ್ ಅನ್ನಲು ನಾಲಿಗೆ ಹೊರಳುವುದಿಲ್ಲ, ನಾವೆಲ್ಲ ಪಿಯು ಅನ್ನುತ್ತೇವೆ. ಚಪ್ಪಲಿಯ ಸೋಲ್ ಇರುತ್ತದಲ್ಲ, ಅದೇ ಜಾತಿಯ ವಸ್ತು, ಆದರೆ ಇದು ತುಂಬಾ ಗಟ್ಟಿ. ಒಳಗೆ ಉಕ್ಕಿನ ಚೌಕಟ್ಟು ಹುದುಗಿರುತ್ತದೆ. ಹೆಚ್ಚು ಬಳಕೆಯ ಅಳತೆ 305 ಎಂಎಂ ಚೌಕ, ಅಂದರೆ ನಮ್ಮ ಒಂದಡಿ. ಆರಡಿ ಅಗಲ, ಹದಿನಾರಡಿ ಉದ್ದದ ಜರಡಿಗೆ ಒಂದು ಅಂತಸ್ತಿಗೆ 96 ಪ್ಯಾನಲ್ ಬೇಕು. ಚೌಕಾಬಾರದ ಮನೆಗಳ ಹಾಗೆ ಸಾಲಾಗಿ ಕೂತಿರುತ್ತವೆ.

ಹೀಗೆ ತುಂಡು ತುಂಡು ಮಾಡಿರುವುದಕ್ಕೆ ಕಾರಣ ಇದೆ. ಜರಡಿ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕಲ್ಲು ಮೇಲಿಂದ ಬೀಳುವ ತುದಿಯಲ್ಲಿ ಪೆಟ್ಟು ಜಾಸ್ತಿ. ಅಲ್ಲಿನ ನಾಲ್ಕು ಪ್ಯಾನಲ್ ಸವೆದರೆ ನಾಲ್ಕನ್ನೇ ಬದಲಿಸಿದರಾಯಿತು, ಉಳಿದ 92 ಹಾಗೇ ಇರಲಿ. ತಂತಿ ಜಾಲಿಯಾದರೆ ಒಂದು ಮೂಲೆ ಹರಿದರೂ ಇಡೀ ಜಾಲಿಯನ್ನೇ ಬಿಚ್ಚಬೇಕು.

ಆದರೆ ಇಲ್ಲೇ ಒಂದು ಇಕ್ಕಟ್ಟು ಇದೆ. ಫಿಟರಿಗೆ ಪ್ಯಾನಲ್ ಐದು ನಿಮಿಷದಲ್ಲಿ ಬಿಚ್ಚುವಂತಿರಬೇಕು. ಜರಡಿ ಎಷ್ಟೇ ಅಲ್ಲಾಡಿಸಿದರೂ ಅದು ಬಿಚ್ಚಿಕೊಳ್ಳಬಾರದು. ಮನುಷ್ಯನ ಕೈಗೆ ಸುಲಭ, ಮಷಿನ್ನಿನ ಕೈಗೆ ಕಷ್ಟ. ಪ್ಯಾನಲ್ ಕಟ್ಟುವ ಎಲ್ಲ ವಿಧಾನಗಳೂ ಈ ಎರಡರ ನಡುವಿನ ಹಗ್ಗಜಗ್ಗಾಟವೇ.

ಹಿಂದಿನ ಸೀಟಿನ ಲೆಕ್ಕ

ಭಾರವಾದ ಕಲ್ಲು ಮೇಲೆ ಬೀಳುತ್ತಿರುವಾಗ ಪ್ಯಾನಲ್ ಮೇಲಕ್ಕೆ ಯಾಕೆ ಏಳಬೇಕು? ಕೆಳಗೇ ಒತ್ತಿಕೊಂಡು ಇರಬೇಕಲ್ವಾ?

ಸಾರಿಗೆ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ನೋಡಿ. ಡ್ರೈವರ್ ಹಂಪ್ ನೋಡದೆ ಹಾರಿಸಿದಾಗ ನೀವು ಸೀಟು ಬಿಟ್ಟು ಏಳುತ್ತೀರಿ. ಮೊದಲು ಸೀಟು ನಿಮ್ಮನ್ನು ಮೇಲೆ ತಳ್ಳುತ್ತದೆ. ಆಮೇಲೆ ಅದು ನೀವು ಬೀಳುವುದಕ್ಕಿಂತ ಬೇಗ ಕೆಳಗೆ ಹೋಗಿಬಿಡುತ್ತದೆ. ನೀವು ಒಂದು ಗಳಿಗೆ ಗಾಳಿಯಲ್ಲಿ. ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದ್ದರೆ ಮಾತ್ರ ಅದರ ಜೊತೆ ಹೋಗುತ್ತಿದ್ದಿರಿ. ಜರಡಿಯಲ್ಲಿ ಸೀಟು ಅಂದರೆ ಜಂತಿ, ನೀವು ಅಂದರೆ ಪ್ಯಾನಲ್, ಬೆಲ್ಟ್ ಅಂದರೆ ಪ್ಯಾನಲ್ಲನ್ನು ಜಂತಿಗೆ ಹಿಡಿದಿಡುವ ಪಿನ್ನು.

ಲೆಕ್ಕ ಸಣ್ಣದು. ಗುಂಡಗೆ ಕುಣಿಯುವ ಜರಡಿಯೊಂದು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಟ್ಟು 10 ಎಂಎಂ ಆಡುತ್ತದೆ, ನಿಮಿಷಕ್ಕೆ 900 ಸುತ್ತು ಅಂತ ಇಟ್ಟುಕೊಳ್ಳಿ. 900ನ್ನು 900ರಿಂದ ಗುಣಿಸಿ. ಬಂದದ್ದನ್ನು 10ರಿಂದ ಗುಣಿಸಿ. ಅದನ್ನು 17,89,000ರಿಂದ ಭಾಗಿಸಿ (ಎಂಎಂ, ಸುತ್ತುಗಳ ಲೆಕ್ಕವನ್ನು ಭೂಮಿಯ ಎಳೆತಕ್ಕೆ ಹೊಂದಿಸುವ ಸಂಖ್ಯೆ ಅದು). ಸುಮಾರು 4.5 ಬರುತ್ತದೆ. ಅಂದರೆ ಭೂಮಿ ಎಳೆಯುವುದರ ನಾಲ್ಕೂವರೆ ಪಟ್ಟು ರಭಸದಿಂದ ಜರಡಿ ಕೆಳಗೆ ಜಗ್ಗುತ್ತದೆ. ಇದರಲ್ಲಿ ಒಂದು ಪಾಲನ್ನು ಪ್ಯಾನಲ್ಲಿನ ಸ್ವಂತ ತೂಕ ನೋಡಿಕೊಳ್ಳುತ್ತದೆ. ಉಳಿದ ಮೂರೂವರೆ ಪಾಲನ್ನು ಕಟ್ಟು ನೋಡಿಕೊಳ್ಳಬೇಕು. ಪ್ಯಾನಲ್ ನಾಲ್ಕು ಕಿಲೋ ಇದ್ದರೆ ಹದಿನಾಲ್ಕು ಕಿಲೋ ಎಳೆತ. ಹೆಚ್ಚುಕಡಿಮೆ ಒಂದು ಕೊಡ ನೀರಿನ ಭಾರ.

ಒಂದು ಕೊಡ ನೀರು ದೊಡ್ಡ ಮಾತೇನಲ್ಲ. ಆದರೆ ಇದು ಸೆಕೆಂಡಿಗೆ 15 ಸಲ. ದಿನವಿಡೀ ಓಡಿದರೆ ಸುಮಾರು 13 ಲಕ್ಷ ಸಲ. ಒಂದೇ ಜೋರು ಎಳೆತಕ್ಕೆ ಬಿಚ್ಚದ ಪಿನ್ನು ಈ ಹದಿಮೂರು ಲಕ್ಷ ಸಣ್ಣ ಎಳೆತಗಳಿಗೆ ಕೂದಲೆಳೆಯಷ್ಟು ಸಡಿಲ ಸಿಕ್ಕರೆ ಸಾಕು, ಕೆಲಸ ಶುರು ಮಾಡುತ್ತದೆ. ಸಡಿಲ ಇದ್ದಲ್ಲಿ ತಿಕ್ಕಾಟ. ತಿಕ್ಕಾಟದಿಂದ ಸವೆತ. ಸವೆತದಿಂದ ಇನ್ನಷ್ಟು ಸಡಿಲ.

ಕಟ್ಟುವ ಬಗೆ

ಎಲ್ಲಕ್ಕಿಂತ ಹಳೆಯದು ತಂತಿ ಜಾಲಿ. ನಮ್ಮ ಕಡೆಯ ಖಡಿ ಮಷಿನ್‌ಗಳಲ್ಲಿ ಈಗಲೂ ಇದೇ ಜಾಸ್ತಿ. ಜಾಲಿಯ ಎರಡೂ ಪಕ್ಕ ಕೊಕ್ಕೆಯ ಹಾಗೆ ಮಡಚಿರುತ್ತದೆ. ಕೊಕ್ಕೆಗೆ ಉಕ್ಕಿನ ಪಟ್ಟಿ ಸಿಕ್ಕಿಸಿ, ಬೋಲ್ಟು ತಿರುಗಿಸಿ ಎರಡೂ ಕಡೆಗೆ ಎಳೆದು ಬಿಗಿಯುವುದು. ಡೆಕ್ಕು, ಅಂದರೆ ಜಾಲಿ ಕೂರುವ ಅಂತಸ್ತು, ನಡುವೆ ಸ್ವಲ್ಪ ಉಬ್ಬಿರುವುದರಿಂದ ಜಾಲಿ ಬಿಗಿಯಾದಂತೆ ಕೆಳಗಿನ ರಬ್ಬರ್ ಪಟ್ಟಿಗಳ ಮೇಲೆ ಒತ್ತಿ ಕೂರುತ್ತದೆ.

ಬಿಗಿ ಎಷ್ಟಿರಬೇಕು? ಬಾಗಲಕೋಟೆಯ ಹೋಳಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹಲಗಿ ಬಾರಿಸುವ ಮೊದಲು ಹುಡುಗರು ಅದನ್ನು ಬೆಂಕಿಗೆ ಹಿಡಿಯುತ್ತಾರೆ. ಕಾಯುವ ಮೊದಲು ಬಡಿದರೆ ದಬ್ ದಬ್ ಅನ್ನುತ್ತದೆ. ಕಾದು ಚರ್ಮ ಬಿಗಿಯಾದ ಮೇಲೆ ಬಡಿದರೆ ಅದರ ದನಿಯೇ ಬೇರೆ, ಓಣಿಯ ಆಚೆ ತುದಿಗೂ ಕೇಳುತ್ತದೆ. ಜಾಲಿಯನ್ನೂ ಹಾಗೇ ತಟ್ಟಿ ನೋಡಬೇಕು. ದಬ್ ಅಂದಲ್ಲಿ ಸಡಿಲ ಇದೆ. ಸಡಿಲ ಜಾಲಿ ರಬ್ಬರಿನ ಮೇಲೆ ಎದ್ದು ಬಿದ್ದು, ಒಂದೇ ಜಾಗದಲ್ಲಿ ಮಡಚಿ ಮಡಚಿ, ತಂತಿ ತುಂಡಾಗುತ್ತದೆ. ಕೈಯಲ್ಲಿ ತಂತಿ ಹಿಡಿದು ಹತ್ತು ಸಲ ಬಗ್ಗಿಸಿದರೆ ಮುರಿಯುತ್ತದಲ್ಲ, ಹಾಗೆ. ಎಷ್ಟೋ ಜನ ಜಾಲಿ ಸವೆದು ಹರಿಯಿತು ಅಂದುಕೊಳ್ಳುತ್ತಾರೆ. ಹರಿದ ತಂತಿಯ ತುದಿ ನೋಡಿ. ತೆಳ್ಳಗಾಗಿದ್ದರೆ ಸವೆತ. ದಪ್ಪ ಹಾಗೇ ಇದ್ದು ಕಟಕ್ಕನೆ ಮುರಿದಂತಿದ್ದರೆ ಸಡಿಲ. ನಾನು ನೋಡಿದ್ದರಲ್ಲಿ ಎರಡನೆಯದೇ ಜಾಸ್ತಿ. ಹೊಸ ಜಾಲಿ ಮೊದಲ ದಿನ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಮೊದಲ ಪಾಳಿ ಮುಗಿದ ಕೂಡಲೇ ಮತ್ತೊಮ್ಮೆ ಬಿಗಿಯಲೇಬೇಕು.

ಎರಡನೆಯದು ಬೋಲ್ಟು. ಗಣಿಯಿಂದ ನೇರವಾಗಿ ಬರುವ ದಪ್ಪ ದಪ್ಪ ಬಂಡೆ ಬೀಳುವ ಮೊದಲ ಜರಡಿಗೆ ಇದೇ ಸರಿ. ದಪ್ಪ ರಬ್ಬರಿನ ಹಲಗೆ, ಒಳಗೆ ಹುದುಗಿದ ಬೋಲ್ಟಿನ ತಲೆ. ಗಟ್ಟಿ ನಿಲ್ಲುತ್ತದೆ. ಆದರೆ ಬದಲಿಸುವ ದಿನ ಬೋಲ್ಟು ತುಕ್ಕು ಹಿಡಿದು, ತಲೆ ಸವೆದು, ಕೆಳಗೆ ಒಬ್ಬ ಸ್ಪ್ಯಾನರ್ ಹಿಡಿದು, ಮೇಲೊಬ್ಬ ಬೈದುಕೊಂಡು... ಬಿಡಿ.

ಮೂರನೆಯದು ಪಿನ್ನು ಮತ್ತು ಸ್ಲೀವ್. ನನ್ನ ಕೇಸರಿ ಪ್ಯಾನಲ್ ಈ ಜಾತಿಯದು. ಇದನ್ನು ಹತ್ತಿರದಿಂದ ನೋಡೋಣ.

ಜಂತಿಯ ಮೇಲೆ ಸಾಲಾಗಿ ತೂತು ಕೊರೆದಿರುತ್ತಾರೆ. ಪ್ರತಿ ಪ್ಯಾನಲ್ಲಿನ ಅಂಚಿನಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ. ಎರಡು ಪ್ಯಾನಲ್ ಅಕ್ಕಪಕ್ಕ ಕೂತಾಗ ಎರಡು ಅರ್ಧ ಸೇರಿ ಒಂದು ಪೂರ್ತಿ ತೂತಾಗುತ್ತದೆ, ಅದು ಜಂತಿಯ ತೂತಿನ ನೇರಕ್ಕೆ ಬರುತ್ತದೆ. ಆ ತೂತಿನೊಳಗೆ ಮೊದಲು ಸ್ಲೀವ್ ಇಳಿಸಬೇಕು. ಸ್ಲೀವ್ ಅಂದರೆ ಮೆತ್ತಗಿನ, ಟೊಳ್ಳಾದ ಬೆಂಡಿನಂಥ ಕೊಳವೆ. ಅದರೊಳಗೆ ಗಟ್ಟಿ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಕು. ಪಿನ್ನು ಒಳಗೆ ಹೋದಂತೆ ಸ್ಲೀವಿನ ಕೆಳಭಾಗ ಉಬ್ಬುತ್ತದೆ. ಜಂತಿಯ ತಗಡಿನ ಕೆಳಗೆ ಉಬ್ಬಿಕೊಂಡು ಅಂಚು ಹಿಡಿಯುತ್ತದೆ. ಗೋಡೆಗೆ ಮೊಳೆ ಹೊಡೆಯುವಾಗ ಪ್ಲಾಸ್ಟಿಕ್ ಗಟ್ಟಿ ಹಾಕಿ ಸ್ಕ್ರೂ ತಿರುಗಿಸುತ್ತೇವಲ್ಲ, ಅದೇ ಉಪಾಯ.

ಹಿಡಿತ ಇರುವುದು ಎಲ್ಲಿ ಅಂತ ಗಮನಿಸಿ. ಪಿನ್ನಿನ ತಲೆಯಲ್ಲಿ ಅಲ್ಲ. ಜಂತಿಯ ತಗಡಿನ ಕೆಳಗೆ, ಸ್ಲೀವ್ ಉಬ್ಬಿದ ಆ ಬೆರಳಗಲ ಜಾಗದಲ್ಲಿ. ಮೇಲಿಂದ ನೋಡಿದವನಿಗೆ ಎಲ್ಲ ಪಿನ್ನೂ ಒಂದೇ ಥರ ಕಾಣುತ್ತವೆ, ಹಿಡಿದವೂ ಹಿಡಿಯದವೂ.

ನಾಲ್ಕನೆಯದು ರೈಲ್. ಜಂತಿಯ ಉದ್ದಕ್ಕೂ ಪಿಯು ಹಳಿ ಕೂರಿಸಿರುತ್ತಾರೆ. ಪ್ಯಾನಲ್ಲಿನ ಎರಡು ಅಂಚಿನಲ್ಲಿ ತುಟಿಯಂಥ ಏಣು ಇರುತ್ತದೆ. ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ತುಟಿ ಹಳಿಗೆ ಕಚ್ಚಿ ಕೂರುತ್ತದೆ, ಸ್ಟೀಲ್ ಡಬ್ಬಿಯ ಮುಚ್ಚಳ ಕೂತಂತೆ. ಪಿನ್ನಿನ ಗೋಜಿಲ್ಲ, ಕೆಲಸ ಬೇಗ. ತೆಗೆಯುವಾಗ ಹಾರೆ ಹಾಕಿ ಮೀಟಿದರಾಯಿತು. ಇಲ್ಲಿ ಸಮಸ್ಯೆ ಅಂದರೆ ಪ್ಯಾನಲ್ ಬದಲಿಸಿದ ಹಾಗೆ ಹಳಿ ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಹಳಿಯ ಏಣು ಪ್ರತಿ ಸಲ ಮೀಟಿದಾಗಲೂ ಒಂಚೂರು ಸವೆಯುತ್ತದೆ. ಕೊನೆಗೆ ಹೊಸ ಪ್ಯಾನಲ್ಲೂ ಕಚ್ಚುವುದಿಲ್ಲ. "ಈ ಸಲದ ಪ್ಯಾನಲ್ ಕ್ವಾಲಿಟಿ ಸರಿ ಇಲ್ಲ" ಅಂತ ಮಾರಿದವನಿಗೆ ಫೋನ್ ಹೋಗುತ್ತದೆ.

ಬೆಣೆ ಹೊಡೆದು ಪಕ್ಕದಿಂದ ಒತ್ತುವ ಬಗೆಯೂ ಇದೆ. ಅದರ ಮೇಲೆ ನಾನು ಹೆಚ್ಚು ಕೆಲಸ ಮಾಡಿಲ್ಲ.

ಎರಿ ಮಣ್ಣಿನ ರಾತ್ರಿ

ಈಗ ಆ ಮಳೆಗಾಲದ ರಾತ್ರಿಗೆ ಬರೋಣ. ಹಳೇ ಪ್ಯಾನಲ್ ಕಿತ್ತು ಹೊರಗಿಟ್ಟೆ. ಮೇಲಿನ ಬಲ್ಬಿನ ಮಂದ ಬೆಳಕಿನಲ್ಲಿ ಜಂತಿ ಚಪ್ಪಟೆಯಾಗಿ ಕಂಡಿತು. ಹೊಸದನ್ನು ಇಟ್ಟೆ, ಸ್ಲೀವ್ ಇಳಿಸಿದೆ, ಪಿನ್ನು ಹೊಡೆದೆ. ಹತ್ತು ನಿಮಿಷದ ಕೆಲಸ.

ನನ್ನ ಗುರು ಮಾರನೇ ವಾರ ಬಂದವರು ಪ್ಯಾನಲ್ ಕೀಳಿಸಿ, ಜಂತಿಯ ಮೇಲೆ ಉಗುರಿನಿಂದ ಗೀರಿದರು. ನಾನು ಉಕ್ಕು ಅಂದುಕೊಂಡದ್ದು ಉಕ್ಕಲ್ಲ. ಎರಿ ಮಣ್ಣು. ಮಳೆಗಾಲದಲ್ಲಿ ಕಲ್ಲಿನ ಜೊತೆ ಅಂಟಿ ಬರುವ ಕಪ್ಪು ಮಣ್ಣು, ಕಲ್ಲಿನ ಬೂದಿಯ ಜೊತೆ ಸೇರಿ, ಸೆಕೆಂಡಿಗೆ 15 ಸಲ ಕುಟ್ಟಿಸಿಕೊಂಡು, ಸಿಮೆಂಟಿನಂತೆ ಗಟ್ಟಿಯಾಗಿತ್ತು. ನಾಲ್ಕು ಎಂಎಂ ದಪ್ಪ. ನೋಡಲು ಥೇಟ್ ಉಕ್ಕಿನ ಪಟ್ಟಿ.

ನಾಲ್ಕು ಎಂಎಂನಿಂದ ಏನಾಗುತ್ತದೆ? ಪ್ಯಾನಲ್ ನಾಲ್ಕು ಎಂಎಂ ಮೇಲೆ ಕೂರುತ್ತದೆ. ಸ್ಲೀವೂ ಅಷ್ಟೇ ಮೇಲೆ ನಿಲ್ಲುತ್ತದೆ. ಪಿನ್ನು ಹೊಡೆದಾಗ ಸ್ಲೀವ್ ಉಬ್ಬಬೇಕಾದ್ದು ತಗಡಿನ ಕೆಳಗೆ, ಆದರೆ ಅದು ಉಬ್ಬಿದ್ದು ತೂತಿನೊಳಗೆ. ಅಂಚು ಹಿಡಿಯಲಿಲ್ಲ. ಬರೀ ತಿಕ್ಕಾಟದ ಮೇಲೆ ನಿಂತಿತ್ತು. ಓಡಿಸಿದ ಮೇಲೆ ಮಣ್ಣು ಒಂದೊಂದೇ ಚೂರು ಉದುರಿತು, ಪ್ಯಾನಲ್ ಕೆಳಗೆ ಸಂದು ಬಿತ್ತು, ಆಮೇಲೆ ಎಲ್ಲ ನಾನು ಹೇಳಿದ ಕ್ರಮದಲ್ಲೇ ಆಯಿತು. ನಾನು ಎಷ್ಟು ಜೋರಾಗಿ ಬಡಿದಿದ್ದರೂ ಅಷ್ಟೇ. ಜೋರಾಗಿ ಬಡಿದರೆ ಮಣ್ಣು ಇನ್ನೂ ಬೇಗ ಬಿರುಕು ಬಿಡುತ್ತದೆ.

ಕಬ್ಬಿಣದ ಅದಿರಿನಲ್ಲಿ ಇದು ಇನ್ನೂ ಕೆಟ್ಟದು ಅಂತ ಅವರು ಹೇಳುತ್ತಿದ್ದರು. ಹೆಮಟೈಟ್ ಅದಿರು ನೀರಿಗಿಂತ ಐದು ಪಟ್ಟು ತೂಕದ್ದು. ನಮ್ಮ ಸುಣ್ಣದಕಲ್ಲು ಮೂರು ಪಟ್ಟೂ ಇಲ್ಲ, 2.7ರ ಹತ್ತಿರ. ಅದೇ ಎತ್ತರದ ರಾಶಿ ಜರಡಿಯ ಮೇಲೆ ಇದ್ದರೂ ಭಾರ ಹೆಚ್ಚುಕಡಿಮೆ ಎರಡರಷ್ಟು. ಕೆಂಪು ಪುಡಿ ಒದ್ದೆಯಾದರೆ ಜಂತಿಗೆ ಬಳಿದುಕೊಂಡು ಬಿಡುತ್ತದೆ.

ಮಣ್ಣು ಕೆರೆದ ಮೇಲೆ ಎರಡನೇ ಸಂಗತಿ ಬಯಲಾಯಿತು. ಜಂತಿಯ ತೂತು ಗುಂಡಗಿರಲಿಲ್ಲ. ಮೊಟ್ಟೆಯಂತೆ ಉದ್ದವಾಗಿತ್ತು. ಹಿಂದೆ ಯಾವಾಗಲೋ ಸಡಿಲ ಪ್ಯಾನಲ್ಲನ್ನೇ ವಾರಗಟ್ಟಲೆ ಓಡಿಸಿದ್ದರ ಗುರುತು ಅದು. ಹೊಸ ಸ್ಲೀವ್ ಹಾಕಿದರೂ ಮೊಟ್ಟೆಯ ಎರಡು ತುದಿಯಲ್ಲಿ ಹಿಡಿತ ಇಲ್ಲ. ಇದಕ್ಕೆ ದಪ್ಪ ಸ್ಲೀವ್ ಸಿಗುತ್ತದೆ, ಆದರೆ ಅದು ಸ್ವಲ್ಪ ದಿನದ ಮಾತು. ಆ ಜಂತಿಯನ್ನೇ ಬದಲಿಸಬೇಕು ಅಥವಾ ಮೇಲೆ ರೈಲ್ ಕೂರಿಸಬೇಕು.

ಮೂರನೆಯದು ನನ್ನದೇ ಜಿಪುಣತನ. ಹಳೇ ಸ್ಲೀವನ್ನೇ ಮತ್ತೆ ಹಾಕಿದ್ದೆ. ಒಮ್ಮೆ ಉಬ್ಬಿದ ಸ್ಲೀವ್ ಮೊದಲಿನಂತೆ ಆಗುವುದಿಲ್ಲ. ಪ್ಯಾನಲ್ಲಿಗೆ ಸಾವಿರಗಟ್ಟಲೆ ಕೊಟ್ಟು ಸ್ಲೀವಿನಲ್ಲಿ ಉಳಿಸಲು ಹೋಗುವುದು ಎತ್ತು ಕೊಂಡು ಹಗ್ಗಕ್ಕೆ ಚೌಕಾಸಿ ಮಾಡಿದಂತೆ. ಆದರೂ ಎಲ್ಲರೂ ಮಾಡುತ್ತೇವೆ.

ಇನ್ನೊಂದು ಬೇರೆ ಕಡೆ ಕಂಡದ್ದು. 305 ಎಂಎಂ ಪ್ಯಾನಲ್ ಇದ್ದ ಜರಡಿಗೆ 300 ಎಂಎಂ ಪ್ಯಾನಲ್ ಬಂದಿತ್ತು. "ಐದು ಎಂಎಂ ತಾನೆ, ಕೂರುತ್ತೆ ಬಿಡಿ" ಅಂದರು. ಒಂದಕ್ಕೆ ಐದು, ಅಗಲಕ್ಕೆ ಆರು ಪ್ಯಾನಲ್, ಒಟ್ಟು ಮೂವತ್ತು ಎಂಎಂ ಸಂದು. 20 ಎಂಎಂ ತೂತಿನ ಜರಡಿಯಲ್ಲಿ ಮೂವತ್ತು ಎಂಎಂ ಸಂದು ಇಟ್ಟುಕೊಂಡು ಏನು ಜರಡಿ ಹಿಡಿದ ಹಾಗಾಯಿತು? ಕಚ್ಚುಗಳೂ ತೂತಿನ ನೇರಕ್ಕೆ ಬರಲಿಲ್ಲ. ಕೊಳ್ಳುವ ಮೊದಲು ಹಳೇ ಪ್ಯಾನಲ್ ಒಂದನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗಿ ಮೇಲೆ ಮೇಲೆ ಇಟ್ಟು ನೋಡುವುದು ನಾಚಿಕೆಯ ಕೆಲಸವೇನಲ್ಲ.

ಬದಲಿಸುವ ದಿನ

ಜರಡಿ ನಿಲ್ಲಿಸಿದ ಕೂಡಲೇ ಹತ್ತಬೇಡಿ. ಸ್ವಿಚ್ ಆಫ್ ಮಾಡಿದ ಮೇಲೆ ವೇಗ ಇಳಿಯುತ್ತ ಒಂದು ಹಂತದಲ್ಲಿ ಜರಡಿ ಇದ್ದಕ್ಕಿದ್ದಂತೆ ಹುಚ್ಚೆದ್ದು ಕುಣಿಯುತ್ತದೆ. ಅದರ ಸ್ಪ್ರಿಂಗುಗಳಿಗೆ ತಮ್ಮದೇ ಒಂದು ತಾಳ ಇದೆ. ಮೋಟರಿನ ವೇಗ ಇಳಿಯುವಾಗ ಆ ತಾಳಕ್ಕೆ ಹೊಂದಿದ ಗಳಿಗೆಯಲ್ಲಿ ಕುಣಿತ ದೊಡ್ಡದಾಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಏರುತ್ತದಲ್ಲ, ಹಾಗೆ. ಅರೆ ಸಡಿಲವಾದ ಪ್ಯಾನಲ್ ಜಿಗಿಯುವುದು ಬಹಳ ಸಲ ಆಗಲೇ. ಪೂರ್ತಿ ನಿಂತ ಮೇಲೆ ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬೇರೆಯವರ ಜೇಬಿಗಲ್ಲ. ಜರಡಿಗೆ ಕಲ್ಲು ತರುವ ಬೆಲ್ಟಿಗೂ ಬೀಗ ಬೇಕು. ಮೇಲೆ ಜಾರುವ ಹಂತದಲ್ಲಿರುವ ಕಲ್ಲು ಇದ್ದರೆ ಮೊದಲು ಅದನ್ನು ಬೀಳಿಸಿ.

ಹೊಸ ಪ್ಯಾನಲ್ ಕೈಗೆತ್ತಿಕೊಂಡಾಗ ತೂತು ನೋಡಿ. ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ ಇರುತ್ತದೆ. ಕಿರಿದಾದ ಬಾಯಿ ಮೇಲಿರಬೇಕು. ಆಗ ಒಳಗೆ ಹೋದ ಕಲ್ಲು ಸಿಕ್ಕಿಕೊಳ್ಳದೆ ಬೀಳುತ್ತದೆ. ತಿರುವು ಮುರುವು ಹಾಕಿದರೆ ಕಲ್ಲು ತೂತಿನಲ್ಲಿ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಪ್ಯಾನಲ್ ತೂಕ ಏರುತ್ತದೆ, ತೂಕ ಏರಿದರೆ ಪಿನ್ನಿನ ಮೇಲಿನ ಎಳೆತವೂ ಏರುತ್ತದೆ. ಪ್ಯಾನಲ್ಲುಗಳನ್ನು ಬಿಸಿಲಿಗೆ ಓರೆಯಾಗಿ ಒರಗಿಸಿ ಇಡುವುದೂ ಬೇಡ. ನಮ್ಮ ಬೇಸಿಗೆಗೆ ಡೊಂಕಾಗುತ್ತವೆ. ಡೊಂಕು ಪ್ಯಾನಲ್ಲಿನ ಒಂದು ಮೂಲೆ ಯಾವತ್ತೂ ಜಂತಿ ಮುಟ್ಟುವುದಿಲ್ಲ. ನೆರಳಿನಲ್ಲಿ, ಮಲಗಿಸಿ ಇಡಿ.

ಬಡಿಯುವಾಗ ಕಬ್ಬಿಣದ ಸುತ್ತಿಗೆಗಿಂತ ರಬ್ಬರ್ ಅಥವಾ ನೈಲಾನ್ ಸುತ್ತಿಗೆ ಒಳ್ಳೆಯದು. ಒಂದೇ ಪಿನ್ನನ್ನು ಪೂರ್ತಿ ಇಳಿಸಿ ಮುಂದಿನದಕ್ಕೆ ಹೋಗಬೇಡಿ. ಎಲ್ಲವನ್ನೂ ಅರ್ಧರ್ಧ ಇಳಿಸಿ, ಆಮೇಲೆ ಒಂದು ಸುತ್ತು ಪೂರ್ತಿ. ಗಾಡಿಯ ಚಕ್ರದ ನಟ್ಟು ಬಿಗಿಯುವವರಿಗೆ ಇದು ಗೊತ್ತು. ಸಾಧ್ಯ ಇದ್ದರೆ ಒಬ್ಬರು ಕೆಳಗಿನಿಂದ ಟಾರ್ಚ್ ಬಿಟ್ಟು ಸ್ಲೀವ್ ತಗಡಿನ ಕೆಳಗೆ ಉಬ್ಬಿದೆಯೇ ಅಂತ ನೋಡಲಿ. ಆ ಒಂದು ನೋಟದಲ್ಲಿ ಗೊತ್ತಾಗುವುದು ಮೇಲಿಂದ ನೂರು ಸಲ ಬಡಿದರೂ ಗೊತ್ತಾಗುವುದಿಲ್ಲ.

ಈಗ ಜುಗಾಡಿನ ಮಾತು. ಪ್ಯಾನಲ್ ನಿಲ್ಲುತ್ತಿಲ್ಲ ಅಂದಾಗ ಮೊದಲು ಬರುವ ಸಲಹೆ "ಒಂದು ವೆಲ್ಡಿಂಗ್ ಟಾಕ ಹಾಕಿ". ದಯವಿಟ್ಟು ಬೇಡ. ಪಿಯು, ರಬ್ಬರ್ ಎರಡೂ ಹತ್ತಿಕೊಳ್ಳುತ್ತವೆ. ವೆಲ್ಡಿಂಗ್ ಕಿಡಿಯಿಂದ ಇಡೀ ಜರಡಿ ಸುಟ್ಟು ಹೋಗುವುದು ಗಣಿಗಳಲ್ಲಿ ಹೊಸದೇನಲ್ಲ. ಪಿಯು ಸುಟ್ಟ ಹೊಗೆಯಲ್ಲಿ ಸೈನೈಡ್ ಅನಿಲವೂ ಇರುತ್ತದೆ. ಇಕ್ಕಟ್ಟಾದ ಡೆಕ್ಕಿನೊಳಗೆ ಬಗ್ಗಿ ಕೂತವನು ಅದನ್ನು ಉಸಿರಾಡಿದರೆ ಹೊರಗೆ ಬರುವುದೇ ಕಷ್ಟ. ಬೆಂಕಿ ಬೀಳದಿದ್ದರೂ, ಕುಣಿಯುವ ಉಕ್ಕಿನ ಮೇಲೆ ಹಾಕಿದ ಟಾಕದ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ವೆಲ್ಡಿಂಗಿನ ಅರ್ಥ್ ಸರಿಯಾದ ಜಾಗದಲ್ಲಿ ಹಿಡಿಯದಿದ್ದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನೂ ತಿನ್ನುತ್ತದೆ. ಸಾವಿರದ ಪ್ಯಾನಲ್ ಉಳಿಸಲು ಲಕ್ಷದ ಬೇರಿಂಗ್.

ಬೈಂಡಿಂಗ್ ತಂತಿ ಸುತ್ತುವುದು ಇನ್ನೊಂದು ಜುಗಾಡು. ಅದು ಪಾಳಿ ಮುಗಿಯುವವರೆಗೂ ಬರುವುದಿಲ್ಲ. ತಂತಿ ತುಂಡಾದರೆ ಅದೂ ಕಲ್ಲಿನ ಜೊತೆ ಬೆಲ್ಟಿಗೆ ಹೋಗುತ್ತದೆ.

ಪ್ಯಾನಲ್ ಹೋದ ಮೇಲೆ ಆಗುವ ಹಾನಿಯಲ್ಲಿ ನನ್ನ ಎರಡು ಟಿಪ್ಪರ್ ವಾಪಸ್ ಬಂದದ್ದು ಸಣ್ಣದು. ಅದು ದೊಡ್ಡ ಕಲ್ಲಿನ ಜೊತೆ ಕ್ರಷರ್ ಕಡೆ ಹೋಗಿದ್ದರೆ ಒಳಗಿನ ಉಕ್ಕಿನ ಚೌಕಟ್ಟು ಕಲ್ಲಿನಂತೆ ಪುಡಿಯಾಗುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಚ್ಯೂಟಿನಲ್ಲಿ, ಅಂದರೆ ಕಲ್ಲು ಬೆಲ್ಟಿಗೆ ಜಾರಿ ಬೀಳುವ ದಾರಿಯಲ್ಲಿ, ಅಡ್ಡ ನಿಂತರೆ ಹಿಂದೆ ಕಲ್ಲು ಕಟ್ಟಿಕೊಂಡು ಬೆಲ್ಟ್ ಹರಿಯುತ್ತದೆ. ಹೋದ ಪ್ಯಾನಲ್ಲಿನ ಜಾಗದಲ್ಲಿ ಬರಿಯ ಜಂತಿ ಕಲ್ಲಿನ ಪೆಟ್ಟಿಗೆ ಸಿಕ್ಕಿ ಸವೆಯುತ್ತದೆ. ಆಮೇಲೆ ಅಲ್ಲಿ ಹೊಸ ಪ್ಯಾನಲ್ಲೂ ಕೂರುವುದಿಲ್ಲ.

ಹೋಗುವ ಮೊದಲು ಅದು ಹೇಳಿಯೇ ಹೋಗುತ್ತದೆ. ಜರಡಿಯ ಸದ್ದು ಒಂದೇ ಸಮ ಗುಡುಗಿನಂತೆ ಇರುತ್ತದೆ. ಅದರ ಮೇಲೆ ಟಪ ಟಪ ಅಂತ ತೆಳ್ಳಗೆ ಚಪ್ಪಾಳೆಯಂಥ ಸದ್ದು ಸೇರಿದರೆ ಯಾವುದೋ ಮೂಲೆ ಎದ್ದಿದೆ. ಅಂಚಿನ ಸುತ್ತ ಒದ್ದೆ ಪುಡಿಯ ಗೆರೆ ಹೊಸದಾಗಿ ಕಂಡರೂ ಹಾಗೇ. ನಾವು ಈಗ ಕಂಟ್ರೋಲ್ ರೂಮಿನ ಗೋಡೆಗೆ ಸೀಮೆಸುಣ್ಣದಲ್ಲಿ 96 ಮನೆ ಗೀಚಿದ್ದೇವೆ. ಯಾವ ಮನೆಯ ಪ್ಯಾನಲ್ ಯಾವತ್ತು ಬದಲಾಯಿತು ಅಂತ ತಾರೀಕು ಬರೆಯುತ್ತೇವೆ. ಮೂರು ತಿಂಗಳಲ್ಲಿ ಒಂದೇ ಮನೆಯಲ್ಲಿ ನಾಲ್ಕು ತಾರೀಕು ಬಿದ್ದರೆ ನಾವು ಪ್ಯಾನಲ್ ಆರ್ಡರ್ ಮಾಡುವುದಿಲ್ಲ, ಆ ಮನೆಯ ಜಂತಿ ನೋಡಲು ಹೋಗುತ್ತೇವೆ.

ನನ್ನ ಡಬ್ಬಿಯಲ್ಲಿ ಈಗ ಸುತ್ತಿಗೆಯ ಮೇಲೆ ಲಾರಿಯ ಪಟ್ಟಿ ಸ್ಪ್ರಿಂಗ್ ತುಂಡಿನಿಂದ ಮಾಡಿಸಿದ ಒಂದು ಕೆರೆಯುವ ಉಳಿ ಇರುತ್ತದೆ. ಹೊಸ ಹುಡುಗರು ಡಬ್ಬಿ ತೆಗೆದ ಕೂಡಲೇ ಅದನ್ನು ಪಕ್ಕಕ್ಕೆ ಸರಿಸಿ ಸುತ್ತಿಗೆ ಹುಡುಕುತ್ತಾರೆ. ನಾನು ಸುತ್ತಿಗೆ ಕಿತ್ತುಕೊಂಡು ಉಳಿ ಕೊಡುತ್ತೇನೆ. ಕೆಲಸ ಮುಗಿದ ಮೇಲೆ ಜರಡಿ ಅರ್ಧ ಗಂಟೆ ಓಡಿಸಿ, ಮತ್ತೆ ನಿಲ್ಲಿಸಿ, ಬೀಗ ಹಾಕಿ, ಎಲ್ಲ ಪಿನ್ನನ್ನೂ ಇನ್ನೊಂದು ಸಲ ತಟ್ಟಿ ನೋಡುತ್ತೇವೆ. ಕೆಳಗೆ ಟಿಪ್ಪರಿನವರು ಹಾರ್ನ್ ಬಾರಿಸುತ್ತಿರುತ್ತಾರೆ. ಬಾರಿಸಲಿ.